ಬಿದ್ದ ಮಲ್ಲನನ್ನು ಎತ್ತುವ ಮೊದಲು

ಮಕ್ಕಳೇ, ಸುಮೋ ಕುಸ್ತಿಯ ಚಿತ್ರವನ್ನು ನೀವು ಪತ್ರಿಕೆಯಲ್ಲೋ ಟಿ.ವಿ.ಯಲ್ಲೋ ನೋಡಿರಬಹುದು. ಗುಡ್ಡದಂಥ ಮೈಯ ಇಬ್ಬರು ಮಲ್ಲರು. ಸೊಂಟಕ್ಕೆ ದಪ್ಪನೆಯ ಪಟ್ಟಿ. ನೆತ್ತಿಯ ಮೇಲೆ ಕಟ್ಟಿದ ಜುಟ್ಟು. ಕಣ್ಣು ಮಿಟುಕಿಸುವಷ್ಟರಲ್ಲಿ ಒಬ್ಬರ ಮೇಲೊಬ್ಬರು ನುಗ್ಗುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಒಬ್ಬ ಕಣದಿಂದ ಹೊರಗೆ ಬಿದ್ದಿರುತ್ತಾನೆ. ನೋಡುವವರಿಗೆ ನಗು ಬರುತ್ತದೆ, ಚಪ್ಪಾಳೆ ತಟ್ಟುತ್ತಾರೆ.

ಆದರೆ ಬಿದ್ದವನು ಏಳದಿದ್ದರೆ? ಆಗ ಏನು ಮಾಡಬೇಕು? ಯಾರು ಮಾಡಬೇಕು? ಮೊದಲು ಏನನ್ನು ಮಾಡಬಾರದು?

ಈ ಪ್ರಶ್ನೆಗಳು ಜಪಾನಿನ ಮಲ್ಲರಿಗೆ ಮಾತ್ರ ಸೇರಿದವಲ್ಲ. ಕಬಡ್ಡಿ ಆಡುವಾಗ ನಿಮ್ಮ ಗೆಳೆಯ ತಲೆ ಕೆಳಗಾಗಿ ಬಿದ್ದರೂ ಇವೇ ಪ್ರಶ್ನೆಗಳು ಏಳುತ್ತವೆ. ಆದ್ದರಿಂದ ಮೊದಲು ಜಪಾನಿಗೆ ಹೋಗಿ ಬರೋಣ.

ಸುಮೋ ಕಣ ಹೇಗಿರುತ್ತದೆ?

ಸುಮೋ ಜಪಾನಿನ ಬಹು ಹಳೆಯ ಕುಸ್ತಿ. ವೃತ್ತಿಪರ ಮಲ್ಲರಿಗಾಗಿ ವರ್ಷಕ್ಕೆ ಆರು ದೊಡ್ಡ ಪಂದ್ಯಾವಳಿಗಳು ನಡೆಯುತ್ತವೆ. ಅವುಗಳಲ್ಲಿ ಮೂರು ರಾಜಧಾನಿ ಟೋಕಿಯೋದಲ್ಲಿ. ಉಳಿದವು ಒಸಾಕಾ, ನಗೋಯಾ ಮತ್ತು ಫುಕುಓಕಾ ನಗರಗಳಲ್ಲಿ. ಒಂದೊಂದು ಪಂದ್ಯಾವಳಿಯೂ 15 ದಿನ ನಡೆಯುತ್ತದೆ. ಟೋಕಿಯೋದ ಕೊಕುಗಿಕಾನ್ ಎಂಬ ದೊಡ್ಡ ಸಭಾಂಗಣವನ್ನು ಸುಮೋಗಾಗಿಯೇ ಕಟ್ಟಿ 1985ರಲ್ಲಿ ತೆರೆದರು. ಅಲ್ಲಿ ಸುಮಾರು 11,000 ಜನ ಕುಳಿತು ನೋಡಬಹುದು.

ಕುಸ್ತಿಯ ಕಣಕ್ಕೆ 'ದೋಹ್ಯೋ' ಎಂದು ಹೆಸರು. ಅದೊಂದು ಜೇಡಿಮಣ್ಣಿನ ಜಗಲಿ. ನೆಲದಿಂದ ಸುಮಾರು 60 ಸೆಂ.ಮೀ. ಎತ್ತರ. ಅದರ ಮೇಲೆ ಭತ್ತದ ಹುಲ್ಲಿನ ಸಿಂಬಿಗಳನ್ನು ಅರ್ಧ ಹೂತು ಒಂದು ವೃತ್ತ ಮಾಡಿರುತ್ತಾರೆ. ವೃತ್ತದ ವ್ಯಾಸ 4.55 ಮೀಟರ್. ಎದುರಾಳಿಯನ್ನು ಈ ವೃತ್ತದಿಂದ ಹೊರಗೆ ದಬ್ಬಿದರೆ ಗೆಲುವು. ವೃತ್ತದ ಒಳಗೇ ಅವನ ಅಂಗಾಲು ಬಿಟ್ಟು ಬೇರೆ ಯಾವ ಭಾಗವಾದರೂ ನೆಲಕ್ಕೆ ತಾಗಿದರೂ ಗೆಲುವು.

ಕಣದ ಸುತ್ತ ಹಗ್ಗವಿಲ್ಲ, ಕಟಕಟೆಯಿಲ್ಲ. ಮಲ್ಲರ ತಲೆಗೆ ಶಿರಸ್ತ್ರಾಣವಿಲ್ಲ. ಜಗಲಿಯ ಕೆಳಗೆ ಹಾಸಿಗೆಯನ್ನೂ ಹಾಸಿರುವುದಿಲ್ಲ. ಹೊರಗೆ ಬಿದ್ದ ಮಲ್ಲ ಕೆಲವೊಮ್ಮೆ ಮುಂದಿನ ಸಾಲಿನ ಪ್ರೇಕ್ಷಕರ ಮೇಲೆಯೇ ಉರುಳುವುದುಂಟು!

ಪೆಟ್ಟು ಅಷ್ಟು ಜೋರಾಗುವುದೇಕೆ?

ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ತೂಕ. ಮೇಲಿನ ದರ್ಜೆಯ ಅನೇಕ ಮಲ್ಲರು 150 ಕಿಲೋಗ್ರಾಂಗೂ ಹೆಚ್ಚು ತೂಗುತ್ತಾರೆ. ಅಂದರೆ ಮೂರು ಸಿಮೆಂಟ್ ಮೂಟೆಗಳ ತೂಕ! ಇಂಥ ಮಲ್ಲ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನುಗ್ಗಿದ ಎಂದಿಟ್ಟುಕೊಳ್ಳೋಣ. ರಾಶಿಯನ್ನು ವೇಗದಿಂದ ಗುಣಿಸಿದರೆ ಸಿಗುವುದು ಸಂವೇಗ. ಇಲ್ಲಿ 150 × 3 = 450. ನಿಮ್ಮ ತೂಕ 30 ಕಿಲೋಗ್ರಾಂ ಆಗಿದ್ದರೆ, ಇಷ್ಟೇ ಸಂವೇಗ ಬರಲು ನೀವು ಸೆಕೆಂಡಿಗೆ 15 ಮೀಟರ್ ಓಡಬೇಕು. ಅಂದರೆ ಗಂಟೆಗೆ 54 ಕಿಲೋಮೀಟರ್. ಅದು ಹೆದ್ದಾರಿಯಲ್ಲಿ ಹೋಗುವ ಬಸ್ಸಿನ ವೇಗ. ಆ ವೇಗದಲ್ಲಿ ಯಾವ ಮನುಷ್ಯನೂ ಓಡಲಾರ.

ಎರಡನೆಯದು ಗಟ್ಟಿ ನೆಲ. ನಮ್ಮ ಗರಡಿ ಮನೆಗಳ ಮಟ್ಟಿಯನ್ನು ನೋಡಿದವರಿಗೆ ಗೊತ್ತು, ಅಲ್ಲಿಯ ಕೆಂಪು ಮಣ್ಣನ್ನು ಅಗೆದು ಹದಮಾಡಿ ಮೆತ್ತಗೆ ಇಟ್ಟಿರುತ್ತಾರೆ. ದೋಹ್ಯೋ ಹಾಗಲ್ಲ. ಜೇಡಿಮಣ್ಣನ್ನು ಬಡಿದು ಬಡಿದು ಗಟ್ಟಿ ಮಾಡಿರುತ್ತಾರೆ. ಮೇಲೆ ತೆಳುವಾಗಿ ಮರಳು ಉದುರಿಸಿರುತ್ತಾರೆ, ಅಷ್ಟೆ. ಒಂದು ಗೋಲಿಯನ್ನು ಉತ್ತ ಹೊಲದ ಮಣ್ಣಿಗೆ ಬೀಳಿಸಿ. ಅದು ಸ್ವಲ್ಪ ಹೂತುಕೊಂಡು ನಿಧಾನವಾಗಿ ನಿಲ್ಲುತ್ತದೆ. ಅದೇ ಗೋಲಿಯನ್ನು ಕಲ್ಲುಚಪ್ಪಡಿಗೆ ಬೀಳಿಸಿ. 'ಟಣ್' ಎಂದು ಪುಟಿಯುತ್ತದೆ. ಬೀಳುವ ವಸ್ತು 10 ಸೆಂ.ಮೀ. ದೂರದಲ್ಲಿ ನಿಲ್ಲುವುದಕ್ಕೂ 1 ಸೆಂ.ಮೀ. ದೂರದಲ್ಲಿ ನಿಲ್ಲುವುದಕ್ಕೂ ತುಂಬ ವ್ಯತ್ಯಾಸವಿದೆ. ಎರಡನೆಯದರಲ್ಲಿ ಅದರ ಮೇಲೆ ಬೀಳುವ ಬಲ ಸುಮಾರು ಹತ್ತು ಪಟ್ಟು ಹೆಚ್ಚು.

ಮೂರನೆಯದು ಎತ್ತರ. ಜಗಲಿಯಿಂದ ಹೊರಗೆ ಬೀಳುವ ಮಲ್ಲನಿಗೆ ತನ್ನ ಎತ್ತರದ ಜೊತೆಗೆ ಇನ್ನೂ 60 ಸೆಂ.ಮೀ. ಬೀಳು ಸೇರಿಕೊಳ್ಳುತ್ತದೆ. ಅಷ್ಟೇ ಅಲ್ಲ, ಎಷ್ಟೋ ಬಾರಿ ಅವನ ಮೇಲೆ ಎದುರಾಳಿಯೂ ಬೀಳುತ್ತಾನೆ. ಆರು ಸಿಮೆಂಟ್ ಮೂಟೆಗಳು ಒಟ್ಟಿಗೆ ಬಿದ್ದ ಹಾಗೆ!

ಮಂಡಿ, ಹೆಗಲು, ಕಣಕಾಲು — ಮಲ್ಲರ ಹೆಚ್ಚಿನ ಗಾಯಗಳು ಇಲ್ಲಿಯೇ. ಇವು ತುಂಬ ನೋಯುತ್ತವೆ. ಆದರೆ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿಲ್ಲ. ಅಪಾಯ ಇರುವುದು ತಲೆ ಮತ್ತು ಕತ್ತಿಗೆ ಬೀಳುವ ಪೆಟ್ಟಿನಲ್ಲಿ.

2021ರ ಮಾರ್ಚ್ 26

ಮಾರ್ಚ್ ತಿಂಗಳ ಪಂದ್ಯಾವಳಿ ಸಾಮಾನ್ಯವಾಗಿ ಒಸಾಕಾದಲ್ಲಿ ನಡೆಯುತ್ತದೆ. 2021ರಲ್ಲಿ ಕೊರೊನಾ ಕಾಯಿಲೆಯ ಕಾರಣ ಅದನ್ನು ಟೋಕಿಯೋದ ಕೊಕುಗಿಕಾನ್‌ನಲ್ಲಿ ನಡೆಸಿದರು. ಅಂದು ಪಂದ್ಯಾವಳಿಯ 13ನೆಯ ದಿನ. ಹಿಬಿಕಿರ್ಯು ಎಂಬ 28 ವರ್ಷದ ಮಲ್ಲ ಕುಸ್ತಿಗೆ ಇಳಿದಿದ್ದರು. ಅವರು ಮೇಲಿನಿಂದ ನಾಲ್ಕನೆಯ ದರ್ಜೆಯ ಮಲ್ಲರು. ಎದುರಾಳಿ ಎಸೆದಾಗ ಅವರು ತಲೆಯ ಮೇಲೆ ಬಿದ್ದರು. ಬೋರಲಾಗಿ ಬಿದ್ದವರು ಮತ್ತೆ ಏಳಲಿಲ್ಲ.

ಕಣದ ಸುತ್ತ ಆಗ ಯಾರಿದ್ದರು? ಐವರು ನಿರ್ಣಾಯಕರು ಇದ್ದರು. ಇವರೆಲ್ಲ ಕುಸ್ತಿಯಿಂದ ನಿವೃತ್ತರಾದ ಹಿರಿಯ ಮಲ್ಲರು. ಬಣ್ಣದ ನಿಲುವಂಗಿ ತೊಟ್ಟ ತೀರ್ಪುಗಾರರಿದ್ದರು. ಮಲ್ಲರ ಹೆಸರು ಕೂಗುವ, ಕಣವನ್ನು ಗುಡಿಸುವ ಸಹಾಯಕರಿದ್ದರು. ಆದರೆ ಬಾಕ್ಸಿಂಗ್ ಕಣದ ಪಕ್ಕದಲ್ಲಿ ಕುಳಿತಿರುವಂತೆ ವೈದ್ಯರೊಬ್ಬರು ಅಲ್ಲಿ ಪಕ್ಕದಲ್ಲೇ ಕುಳಿತಿರಲಿಲ್ಲ. ಕೊಕುಗಿಕಾನ್ ಕಟ್ಟಡದ ಒಳಗೇ ಸುಮೋ ಸಂಘದ ಚಿಕಿತ್ಸಾಲಯವಿದೆ. ಆದರೂ ಕಣದ ಮೇಲಿನ ಮಲ್ಲನಿಗೂ ಅದಕ್ಕೂ ನಡುವೆ ಒಂದಷ್ಟು ದೂರವಿದೆ, ಒಂದಷ್ಟು ನಿಮಿಷಗಳಿವೆ.

ಹಿಬಿಕಿರ್ಯು ಹಲವು ನಿಮಿಷಗಳ ಕಾಲ ಹಾಗೆಯೇ ಬೋರಲು ಬಿದ್ದಿದ್ದರು. ಆಮೇಲೆ ಅವರನ್ನು ಸ್ಟ್ರೆಚರ್ ಮೇಲೆ ಸಾಗಿಸಿ ಆಸ್ಪತ್ರೆಗೆ ಸೇರಿಸಿದರು. ಸುಮಾರು ಒಂದು ತಿಂಗಳ ನಂತರ, ಏಪ್ರಿಲ್ 28ರಂದು ಅವರು ತೀರಿಕೊಂಡರು. ಉಸಿರಾಟದ ವೈಫಲ್ಯ ಅವರ ಸಾವಿಗೆ ಕಾರಣವಾಗಿತ್ತು. ಅಂದಿನ ಬೀಳೇ ಇದಕ್ಕೆ ಮೂಲವೆಂದು ಸುಮೋ ಸಂಘ ಖಚಿತವಾಗಿ ಹೇಳಲಿಲ್ಲ. ಆದರೆ ಜಪಾನಿನ ಜನ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದರು: 'ಮಲ್ಲ ಬಿದ್ದ ಕೂಡಲೇ ಏನು ಮಾಡಬೇಕೆಂದು ತಿಳಿದವರು ಕಣದ ಪಕ್ಕದಲ್ಲೇ ಏಕಿರಲಿಲ್ಲ?'

ಈ ಪ್ರಶ್ನೆ ಏಕೆ ಮುಖ್ಯ? ಇದು ಅರ್ಥವಾಗಬೇಕಾದರೆ ನಮ್ಮ ಕತ್ತಿನ ಒಳಗೆ ಏನಿದೆ ಎಂದು ನೋಡಬೇಕು.

ಕತ್ತಿನ ಏಳು ಮಣಿಗಳು

ನಿಮ್ಮ ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಿಕೊಳ್ಳಿ. ಸಣ್ಣ ಸಣ್ಣ ಗಂಟುಗಳು ಕೈಗೆ ಸಿಗುತ್ತವೆ. ಅವು ಬೆನ್ನೆಲುಬಿನ ಮಣಿಗಳು. ಕತ್ತಿನಲ್ಲಿ ಇಂಥ 7 ಮಣಿಗಳಿವೆ. ಉದ್ದ ಕತ್ತಿನ ಜಿರಾಫೆಗೂ ಇರುವುದು ಏಳೇ!

ಪ್ರತಿ ಮಣಿಯ ನಡುವೆಯೂ ಒಂದು ತೂತು ಇದೆ. ಒಂದರ ಮೇಲೊಂದು ಮಣಿ ಕುಳಿತಾಗ ಆ ತೂತುಗಳು ಸೇರಿ ಒಂದು ಕೊಳವೆಯಾಗುತ್ತದೆ. ಅದರೊಳಗೆ ಮಿದುಳಿನಿಂದ ಹೊರಟ ಮಿದುಳುಬಳ್ಳಿ ಇಳಿದು ಹೋಗುತ್ತದೆ. ಇದು ನಿಮ್ಮ ಕಿರುಬೆರಳಿನಷ್ಟು ದಪ್ಪ ಇರಬಹುದು. ಕೈ ಎತ್ತು, ಕಾಲು ಮಡಿಸು ಎಂಬ ಮಿದುಳಿನ ಆಜ್ಞೆಗಳೆಲ್ಲ ಇದರಲ್ಲಿಯೇ ಕೆಳಗೆ ಹರಿಯುತ್ತವೆ. ಮುಳ್ಳು ಚುಚ್ಚಿತು, ನೀರು ಬಿಸಿಯಾಗಿದೆ ಎಂಬ ಸುದ್ದಿಗಳೂ ಇದರಲ್ಲಿಯೇ ಮೇಲಕ್ಕೆ ಹೋಗುತ್ತವೆ.

ಇನ್ನೊಂದು ವಿಷಯ. ನಾವು ಉಸಿರಾಡುವಾಗ ಎದೆಗೂಡಿನ ಕೆಳಗಿರುವ ವಪೆ ಎಂಬ ಸ್ನಾಯು ಮೇಲೆ ಕೆಳಗೆ ಆಡುತ್ತದೆ. ಅದನ್ನು ಆಡಿಸುವ ನರ ಹೊರಡುವುದು ಎಲ್ಲಿಂದ ಗೊತ್ತೆ? ಹೊಟ್ಟೆಯ ಹತ್ತಿರದಿಂದಲ್ಲ, ಕತ್ತಿನಿಂದ! ಕತ್ತಿನ ಮೂರು, ನಾಲ್ಕು ಮತ್ತು ಐದನೆಯ ನರಗಳಿಂದ ಅದು ಹುಟ್ಟುತ್ತದೆ. ಆದ್ದರಿಂದ ಕತ್ತಿನ ಮೇಲ್ಭಾಗದಲ್ಲಿ ಮಿದುಳುಬಳ್ಳಿಗೆ ಪೆಟ್ಟಾದರೆ ಕೈಕಾಲು ಸ್ವಾಧೀನ ತಪ್ಪುವುದಷ್ಟೇ ಅಲ್ಲ, ಉಸಿರಾಟವೂ ನಿಲ್ಲಬಹುದು.

ಮಾಡಿ ನೋಡಿ – 1

ಪಪ್ಪಾಯಿ ಎಲೆಯ ಟೊಳ್ಳು ತೊಟ್ಟನ್ನು ಏಳು ಸಣ್ಣ ತುಂಡುಗಳಾಗಿ ಕತ್ತರಿಸಿ. ಕತ್ತರಿಸಲು ದೊಡ್ಡವರ ಸಹಾಯ ಪಡೆಯಿರಿ. ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ತುಂಡುಗಳ ಮೂಲಕ ಒಂದು ಉಲ್ಲನ್ ದಾರ ಪೋಣಿಸಿ, ಒಂದಕ್ಕೊಂದು ತಾಗುವಂತೆ ಸಾಲಾಗಿ ಹಿಡಿಯಿರಿ. ದಾರವನ್ನು ಮೆಲ್ಲಗೆ ಎಳೆಯಿರಿ. ಅದು ಸಲೀಸಾಗಿ ಜಾರುತ್ತದೆ. ಈಗ ನಡುವಿನ ಒಂದು ತುಂಡನ್ನು ಪಕ್ಕಕ್ಕೆ ಸರಿಸಿ ಬಿಗಿಯಾಗಿ ಹಿಡಿಯಿರಿ. ದಾರ ಎಳೆದು ನೋಡಿ. ಅದು ಅಂಚಿಗೆ ಸಿಕ್ಕಿ ಬಿಗಿಯುತ್ತದೆ. ಇನ್ನಷ್ಟು ಸರಿಸಿದರೆ ಅಂಚು ದಾರವನ್ನು ಒತ್ತಿ ಉಜ್ಜುತ್ತದೆ. ತುಂಡುಗಳು ಮಣಿಗಳು, ದಾರವೇ ಮಿದುಳುಬಳ್ಳಿ.

ಎತ್ತಬಾರದು ಏಕೆ?

ಈಗ ಯೋಚಿಸಿ. ಬಿದ್ದಾಗ ಮಲ್ಲನ ಕತ್ತಿನ ಮಣಿ ಮುರಿದಿದೆ ಅಥವಾ ಸ್ವಲ್ಪ ಜಾರಿದೆ. ಆದರೆ ಮಿದುಳುಬಳ್ಳಿಗೆ ಇನ್ನೂ ಏನೂ ಆಗಿಲ್ಲ. ಅಷ್ಟರಲ್ಲಿ ಇಬ್ಬರು ಓಡಿಬಂದು ಅವನ ರಟ್ಟೆ ಹಿಡಿದು ಎತ್ತಿ ಕೂರಿಸುತ್ತಾರೆ. ತಲೆ ಒಂದು ಕಡೆ ವಾಲುತ್ತದೆ. ಜಾರಿದ ಮಣಿ ಇನ್ನಷ್ಟು ಸರಿದು ಮಿದುಳುಬಳ್ಳಿಯನ್ನು ಒತ್ತುತ್ತದೆ. ಬಿದ್ದಾಗ ಆಗದ ಅನಾಹುತ ಎತ್ತಿದಾಗ ಆಯಿತು! ಮಿದುಳುಬಳ್ಳಿಯ ಗಾಯ ಚರ್ಮದ ಗಾಯದಂತೆ ಮಾಯುವುದಿಲ್ಲ. ಕೈಕಾಲು ಜೀವಮಾನವಿಡೀ ಬರದೇ ಹೋಗಬಹುದು.

ಹಾಗಾದರೆ ಸುಮ್ಮನೆ ನೋಡುತ್ತ ನಿಲ್ಲಬೇಕೆ? ಅದೂ ತಪ್ಪು. ಎತ್ತದಿರುವುದು ಬೇರೆ, ಏನನ್ನೂ ಮಾಡದಿರುವುದು ಬೇರೆ. ತರಬೇತಿ ಪಡೆದವರು ಹೀಗೆ ಮಾಡುತ್ತಾರೆ.

ಮೊದಲು ಒಬ್ಬರು ಬಿದ್ದವನ ತಲೆಯ ಹತ್ತಿರ ಮಂಡಿಯೂರಿ, ಎರಡೂ ಕೈಗಳಿಂದ ಅವನ ತಲೆ ಅಲುಗದಂತೆ ಹಿಡಿಯುತ್ತಾರೆ. 'ಅಲ್ಲಾಡಬೇಡ, ತಲೆ ತಿರುಗಿಸಬೇಡ' ಎಂದು ಹೇಳುತ್ತಾರೆ. ಅವನಿಗೆ ಮಾತು ಕೇಳಿಸುತ್ತಿದೆಯೇ, ಉಸಿರಾಡುತ್ತಿದ್ದಾನೆಯೇ, ಕೈಬೆರಳು ಕಾಲ್ಬೆರಳು ಆಡಿಸಬಲ್ಲನೇ ಎಂದು ಪರೀಕ್ಷಿಸುತ್ತಾರೆ. ಅದೇ ಹೊತ್ತಿಗೆ ಇನ್ನೊಬ್ಬರು ವೈದ್ಯರನ್ನೂ ಆಂಬ್ಯುಲೆನ್ಸನ್ನೂ ಕರೆಯುತ್ತಾರೆ. ಜಪಾನಿನಲ್ಲಿ ಆಂಬ್ಯುಲೆನ್ಸ್ ಕರೆಯುವ ಸಂಖ್ಯೆ 119.

ಬೋರಲು ಬಿದ್ದವನು ಉಸಿರಾಡುತ್ತಿಲ್ಲವಾದರೆ ಕಾಯುವಂತಿಲ್ಲ. ಉಸಿರು ಕತ್ತಿಗಿಂತ ಮೊದಲು. ಆಗ ಹಲವರು ಸೇರಿ ಅವನನ್ನು ಮರದ ದಿಮ್ಮಿ ಉರುಳಿಸುವಂತೆ ತಿರುಗಿಸುತ್ತಾರೆ. ತಲೆ, ಹೆಗಲು, ಸೊಂಟ, ಕಾಲು ಎಲ್ಲವೂ ಒಂದೇ ನೇರದಲ್ಲಿ, ಒಂದೇ ಸಲಕ್ಕೆ ತಿರುಗಬೇಕು. ತಲೆ ಹಿಡಿದವರು 'ಒಂದು, ಎರಡು, ಮೂರು' ಎಂದಾಗಲೇ ಉಳಿದವರು ಉರುಳಿಸಬೇಕು. ಒಬ್ಬರು ಮುಂದೆ ಒಬ್ಬರು ಹಿಂದೆ ಆದರೆ ಕತ್ತು ತಿರುಚಿಕೊಳ್ಳುತ್ತದೆ.

ಸಾಮಾನ್ಯ ಮನುಷ್ಯನನ್ನು ಹೀಗೆ ತಿರುಗಿಸಲು ನಾಲ್ಕು ಜನ ಬೇಕು. 150 ಕಿಲೋಗ್ರಾಂ ಮಲ್ಲನಿಗೆ ಇನ್ನೂ ಹೆಚ್ಚು ಜನ ಬೇಕು. ಆಮೇಲೆ ಅವನನ್ನು ಗಟ್ಟಿ ಹಲಗೆ ಅಥವಾ ಸ್ಟ್ರೆಚರ್ ಮೇಲೆ ಮಲಗಿಸಿ, ಜಗಲಿಯಿಂದ ಕೆಳಗಿಳಿಸಬೇಕು. ಪ್ರೇಕ್ಷಕರ ನಡುವೆ ಇರುವ 'ಹನಮಿಚಿ' ಎಂಬ ಕಿರಿದಾದ ಓಣಿಯಲ್ಲಿ ಹೊತ್ತು ಸಾಗಬೇಕು. ಹನಮಿಚಿ ಎಂದರೆ ಹೂವಿನ ದಾರಿ. ಗಾಯಗೊಂಡವನನ್ನು ಹೊತ್ತವರಿಗೆ ಅದು ಹೂವಿನ ದಾರಿಯಲ್ಲ! ಮಂಡಿ ಅಥವಾ ಕಾಲಿಗೆ ಪೆಟ್ಟಾದ ಮಲ್ಲರಿಗಾಗಿ ಅಲ್ಲಿ ವಿಶೇಷವಾದ ಅಗಲ ಗಾಲಿಕುರ್ಚಿ ಇರುತ್ತದೆ. ಸಾಮಾನ್ಯ ಗಾಲಿಕುರ್ಚಿಯಲ್ಲಿ ಅವರು ಹಿಡಿಸುವುದೇ ಇಲ್ಲ. ಆದರೆ ಕತ್ತಿಗೆ ಪೆಟ್ಟಾಗಿದ್ದರೆ ಗಾಲಿಕುರ್ಚಿಯಲ್ಲಿ ಕೂರಿಸಲೇಬಾರದು. ಏಕೆಂದು ನಿಮಗೆ ಈಗ ಗೊತ್ತು.

ಡಬ್ಬಿಯೊಳಗಿನ ಮೊಟ್ಟೆ

ತಲೆಗೆ ಪೆಟ್ಟಾದಾಗ ರಕ್ತ ಬರದಿದ್ದರೆ 'ಏನೂ ಆಗಿಲ್ಲ' ಎನ್ನುತ್ತೇವೆ. ಇದು ನಿಜವೇ?

ಮಾಡಿ ನೋಡಿ – 2

ಬೇಯಿಸಿ ಸಿಪ್ಪೆ ಸುಲಿದ ಮೊಟ್ಟೆಯನ್ನು ಅಗಲ ಬಾಯಿಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ನೀರು ತುಂಬಿ ಮುಚ್ಚಳ ಬಿಗಿ ಮಾಡಿ. ಡಬ್ಬಿಯನ್ನು ಮೇಜಿನ ಮೇಲೆ ವೇಗವಾಗಿ ಜಾರಿಸಿ ಥಟ್ಟನೆ ನಿಲ್ಲಿಸಿ. ಡಬ್ಬಿ ನಿಂತರೂ ಮೊಟ್ಟೆ ನಿಲ್ಲುವುದಿಲ್ಲ. ಮುಂದಕ್ಕೆ ಹೋಗಿ ಗೋಡೆಗೆ ಬಡಿಯುತ್ತದೆ. ಬಸ್ಸಿಗೆ ಬ್ರೇಕ್ ಹಾಕಿದಾಗ ನೀವು ಮುಂದಕ್ಕೆ ಮುಗ್ಗರಿಸುವುದಿಲ್ಲವೇ, ಹಾಗೆ. ಇದೇ ಜಡತ್ವ.

ಡಬ್ಬಿ ನಿಮ್ಮ ತಲೆಬುರುಡೆ. ಮೊಟ್ಟೆ ನಿಮ್ಮ ಮಿದುಳು. ಮಿದುಳು ಬುರುಡೆಯ ಒಳಗೆ ಒಂದು ದ್ರವದಲ್ಲಿ ತೇಲುತ್ತಿರುತ್ತದೆ. ತಲೆಗೆ ತಲೆ ಡಿಕ್ಕಿ ಹೊಡೆದಾಗ ಬುರುಡೆ ಒಡೆಯದಿರಬಹುದು, ಆದರೆ ಒಳಗಿನ ಮಿದುಳು ಅದುರುತ್ತದೆ. ಇದನ್ನು ವೈದ್ಯರು ಕನ್ಕಷನ್ ಎನ್ನುತ್ತಾರೆ. ಆಗ ತಲೆ ಸುತ್ತುತ್ತದೆ, ವಾಂತಿ ಬರುತ್ತದೆ, ಕಾಲು ತೂರಾಡುತ್ತದೆ. ಈಗಷ್ಟೇ ನಡೆದದ್ದು ನೆನಪಿಗೆ ಬರುವುದಿಲ್ಲ. ಈ ಸ್ಥಿತಿಯಲ್ಲಿ ಮತ್ತೊಂದು ಪೆಟ್ಟು ಬಿದ್ದರೆ ಮಿದುಳು ಬಾತುಕೊಂಡು ಪ್ರಾಣಕ್ಕೇ ಅಪಾಯವಾಗಬಹುದು.

2021ರ ಜನವರಿ ಪಂದ್ಯಾವಳಿಯಲ್ಲಿ ಹೀಗೊಂದು ಘಟನೆ ನಡೆಯಿತು. ಕುಸ್ತಿಯ ಪ್ರಾರಂಭದಲ್ಲೇ ಇಬ್ಬರು ಮಲ್ಲರ ತಲೆಗಳು ಡಿಕ್ಕಿ ಹೊಡೆದವು. ಒಬ್ಬ ಮಲ್ಲ ನಿಲ್ಲಲಾರದೆ ತೂರಾಡಿ ಬಿದ್ದ. ಆದರೂ ನಿರ್ಣಾಯಕರು ಮಾತಾಡಿಕೊಂಡು ಕುಸ್ತಿಯನ್ನು ಮತ್ತೆ ಆಡಿಸಿದರು. ಆ ಮಲ್ಲ ಗೆದ್ದ! ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಆದರೆ ವೈದ್ಯಕೀಯ ತಿಳಿದವರಿಗೆ ಎದೆ ಝಲ್ಲೆಂದಿತು. ಇದಾದ ಮೇಲೆ ಸುಮೋ ಸಂಘ ತನ್ನ ಕ್ರಮವನ್ನು ಬದಲಿಸಿತು. ಹೀಗೆ ತಲೆಗೆ ಪೆಟ್ಟಾದ ಮಲ್ಲ ಕುಸ್ತಿಗೆ ತಕ್ಕ ಸ್ಥಿತಿಯಲ್ಲಿಲ್ಲ ಎಂದು ಕಂಡರೆ, ನಿರ್ಣಾಯಕರು ಕುಸ್ತಿ ಆಡಿಸದೆ ಅವನು ಸೋತನೆಂದು ತೀರ್ಮಾನಿಸಬಹುದು. ಒಂದು ಸೋಲು ಹೋದರೆ ಹೋಗಲಿ, ಮಿದುಳು ಉಳಿಯಬೇಕು.

ಕಣದ ಮೇಲೆ ಹತ್ತಿದ ದಾದಿ

2018ರ ಏಪ್ರಿಲ್ 4. ಕ್ಯೋಟೋ ಪ್ರಾಂತದ ಮೈಜುರು ನಗರದಲ್ಲಿ ಮಲ್ಲರ ಪ್ರದರ್ಶನ ಕುಸ್ತಿ ಇತ್ತು. ಊರಿನ ಮೇಯರ್ ದೋಹ್ಯೋದ ಮೇಲೆ ನಿಂತು ಭಾಷಣ ಮಾಡುತ್ತಿದ್ದರು. ಮಾತಿನ ನಡುವೆಯೇ ಅವರು ಕುಸಿದು ಬಿದ್ದರು. ಮಿದುಳಿನ ಮೇಲ್ಪದರದಲ್ಲಿ ರಕ್ತಸ್ರಾವವಾಗಿತ್ತು.

ಸುತ್ತಲಿದ್ದವರು ಏನು ಮಾಡುವುದೆಂದು ತಿಳಿಯದೆ ನೋಡುತ್ತಿದ್ದಾಗ, ಪ್ರೇಕ್ಷಕರ ನಡುವಿನಿಂದ ಕೆಲವು ಮಹಿಳೆಯರು ಕಣಕ್ಕೆ ಹತ್ತಿದರು. ಅವರಲ್ಲಿ ಒಬ್ಬರು ದಾದಿ. ಅವರು ಮೇಯರ್ ಎದೆಯನ್ನು ಒತ್ತತೊಡಗಿದರು. ಆಗ ಧ್ವನಿವರ್ಧಕದಲ್ಲಿ ಒಂದು ಪ್ರಕಟಣೆ ಕೇಳಿಬಂತು: ಮಹಿಳೆಯರು ಕಣದಿಂದ ಕೆಳಗಿಳಿಯಬೇಕು! ಏಕೆಂದರೆ ಸುಮೋ ಸಂಪ್ರದಾಯದಲ್ಲಿ ಮಹಿಳೆಯರು ದೋಹ್ಯೋವನ್ನು ಹತ್ತುವಂತಿಲ್ಲ.

ಪ್ರಕಟಣೆ ಮಾಡಿದವರು ಒಬ್ಬ ತೀರ್ಪುಗಾರ. ಅವರು ಗಾಬರಿಯಲ್ಲಿ ಹಾಗೆ ಹೇಳಿಬಿಟ್ಟಿದ್ದರು. ಸುಮೋ ಸಂಘದ ಅಧ್ಯಕ್ಷರಾದ ಹಕ್ಕಾಕು ಅಂದೇ ಕ್ಷಮೆ ಕೇಳಿದರು. ಪ್ರಾಣಾಪಾಯದ ಹೊತ್ತಿನಲ್ಲಿ ಆ ಮಾತು ಸರಿಯಲ್ಲ ಎಂದು ಒಪ್ಪಿಕೊಂಡರು. ನೆರವಿಗೆ ಬಂದ ಮಹಿಳೆಯರಿಗೆ ಧನ್ಯವಾದ ಹೇಳಿದರು. ಮೇಯರ್ ಬದುಕಿ ಉಳಿದರು.

ಎದೆ ಒತ್ತುವುದರಿಂದ ಏನಾಗುತ್ತದೆ? ಹೃದಯ ನಿಂತರೆ ರಕ್ತ ಹರಿಯುವುದಿಲ್ಲ. ರಕ್ತ ಹರಿಯದಿದ್ದರೆ ಮಿದುಳಿಗೆ ಆಮ್ಲಜನಕ ತಲುಪುವುದಿಲ್ಲ. ನಾಲ್ಕೈದು ನಿಮಿಷಗಳಲ್ಲಿ ಮಿದುಳಿನ ಕೋಶಗಳು ಸಾಯತೊಡಗುತ್ತವೆ. ಎದೆಯ ನಡುವಿನ ಮೂಳೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂ.ಮೀ. ಆಳಕ್ಕೆ ಒತ್ತಿ ಬಿಡುತ್ತಿದ್ದರೆ, ನಿಂತ ಹೃದಯವನ್ನು ಹೊರಗಿನಿಂದ ಹಿಂಡಿದಂತಾಗುತ್ತದೆ. ಸ್ವಲ್ಪ ರಕ್ತವಾದರೂ ಮಿದುಳಿಗೆ ಹೋಗುತ್ತದೆ. ಇದಕ್ಕೆ ಸಿ.ಪಿ.ಆರ್. ಎನ್ನುತ್ತಾರೆ. ಹೃದಯದ ಲಯ ತಪ್ಪಿದಾಗ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಎ.ಇ.ಡಿ. ಎಂಬ ಸಣ್ಣ ಯಂತ್ರವೂ ಇದೆ. ಅದು ಏನು ಮಾಡಬೇಕೆಂದು ಮಾತಿನಲ್ಲಿಯೇ ಹೇಳಿಕೊಡುತ್ತದೆ. ಜಪಾನಿನಲ್ಲಿ 2004ರ ಜುಲೈಯಿಂದ ವೈದ್ಯರಲ್ಲದವರೂ ಇದನ್ನು ಬಳಸಬಹುದು. ಅಲ್ಲಿಯ ರೈಲು ನಿಲ್ದಾಣ, ಶಾಲೆ, ಕ್ರೀಡಾಂಗಣಗಳಲ್ಲಿ ಇದು ಗೋಡೆಯ ಮೇಲೆಯೇ ಇರುತ್ತದೆ.

ಈ ಘಟನೆಯಿಂದ ತಿಳಿಯುವುದೇನು? ಪ್ರಾಣ ಉಳಿಸುವವರು ದೂರದ ಆಸ್ಪತ್ರೆಯಲ್ಲಿ ಮಾತ್ರ ಇರುವುದಿಲ್ಲ. ಮೊದಲ ನಾಲ್ಕೈದು ನಿಮಿಷ ಹತ್ತಿರ ಇದ್ದವರ ಕೈಯಲ್ಲಿದೆ.

ಗೆದ್ದರೂ ಸೋತರೂ ವಿಶ್ರಾಂತಿ

ತುರ್ತು ಚಿಕಿತ್ಸೆ ಮುಗಿದ ಮೇಲೆ ಇನ್ನೊಂದು ಕಷ್ಟ ಇದೆ. ಅದೇ ಕಾಯುವುದು. ಹರಿದ ಅಸ್ಥಿರಜ್ಜು ಕೂಡಲು ತಿಂಗಳುಗಳೇ ಬೇಕು. ಆದರೆ ಸುಮೋದಲ್ಲಿ ಆಡದಿದ್ದರೆ ದರ್ಜೆ ಇಳಿಯುತ್ತದೆ. 1972ರಿಂದ 2003ರ ಕೊನೆಯವರೆಗೆ ಒಂದು ನಿಯಮವಿತ್ತು. ಪಂದ್ಯದಲ್ಲಿ ಗಾಯಗೊಂಡ ಮಲ್ಲ ಮುಂದಿನ ಪಂದ್ಯಾವಳಿಗೆ ಬರದಿದ್ದರೂ ಅವನ ದರ್ಜೆ ಉಳಿಯುತ್ತಿತ್ತು. ಆಮೇಲೆ ಆ ನಿಯಮವನ್ನು ತೆಗೆದುಹಾಕಿದರು. ಹೀಗಾಗಿ ಗಾಯ ಮಾಯುವ ಮೊದಲೇ ಕಣಕ್ಕೆ ಇಳಿಯುವ ಮಲ್ಲರಿದ್ದಾರೆ.

ತಕನೊಹನ ಎಂಬ ಹೆಸರಾಂತ ಮಲ್ಲ 2001ರ ಮೇ ಪಂದ್ಯಾವಳಿಯ 14ನೆಯ ದಿನ ಮಂಡಿಗೆ ಪೆಟ್ಟು ಮಾಡಿಕೊಂಡರು. ಆದರೂ ಮರುದಿನ ಆಡಿ ಪ್ರಶಸ್ತಿ ಗೆದ್ದರು. ಜಪಾನೇ ಕೊಂಡಾಡಿತು. ಆದರೆ ಮುಂದಿನ ಏಳು ಪಂದ್ಯಾವಳಿಗಳಲ್ಲಿ ಅವರು ಆಡಲಾಗಲಿಲ್ಲ. 2003ರ ಜನವರಿಯಲ್ಲಿ ನಿವೃತ್ತರಾದರು.

ತೆರುನೊಫುಜಿ ಎಂಬ ಇನ್ನೊಬ್ಬ ಮಲ್ಲ ಮಂಗೋಲಿಯಾ ದೇಶದವರು. 2015ರಲ್ಲಿ ಅವರು ಎರಡನೆಯ ಅತಿ ದೊಡ್ಡ ಪದವಿಯಾದ 'ಓಜೆಕಿ' ಆದರು. ಆಮೇಲೆ ಎರಡೂ ಮಂಡಿಗಳ ಗಾಯ, ಜೊತೆಗೆ ಸಕ್ಕರೆ ಕಾಯಿಲೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಕಣದಿಂದ ದೂರ ಉಳಿದರು. ದರ್ಜೆ ಜಾರುತ್ತ ಜಾರುತ್ತ ಕೆಳಗಿನಿಂದ ಎರಡನೆಯದಕ್ಕೆ ಬಂತು. 2019ರ ಮಾರ್ಚ್‌ನಲ್ಲಿ ಹೊಸ ಹುಡುಗರ ಜೊತೆ ಕುಸ್ತಿ ಆಡಿ ಮತ್ತೆ ಮೊದಲಿನಿಂದ ಹತ್ತತೊಡಗಿದರು. 2021ರ ಜುಲೈಯಲ್ಲಿ ಎಲ್ಲಕ್ಕಿಂತ ದೊಡ್ಡ ಪದವಿಯಾದ 'ಯೊಕೊಜುನ' ಅವರಿಗೆ ಸಿಕ್ಕಿತು. 2025ರ ಜನವರಿಯಲ್ಲಿ ಅವರು ನಿವೃತ್ತರಾದರು. ದರ್ಜೆ ಹೋದರೆ ಮತ್ತೆ ಗಳಿಸಬಹುದು ಎಂದು ಅವರು ತೋರಿಸಿಕೊಟ್ಟರು.

ಬೀಳುವುದೂ ಒಂದು ವಿದ್ಯೆ

ಸುಮೋ ಸೇರಿದ ಹೊಸ ಹುಡುಗರು ಕೊಕುಗಿಕಾನ್‌ನಲ್ಲಿರುವ ತರಬೇತಿ ಶಾಲೆಯಲ್ಲಿ ಆರು ತಿಂಗಳು ಕಲಿಯಬೇಕು. ಅಲ್ಲಿ ಪಟ್ಟುಗಳ ಜೊತೆಗೆ ಸುಮೋದ ಇತಿಹಾಸವನ್ನೂ ಶರೀರದ ಬಗೆಗಿನ ಪಾಠವನ್ನೂ ಹೇಳಿಕೊಡುತ್ತಾರೆ. ದಿನವೂ ಕಾಲು ಅಗಲಿಸಿ ಕುಳಿತು ಎದೆಯನ್ನು ನೆಲಕ್ಕೆ ತಾಗಿಸುವ ಅಭ್ಯಾಸ ಮಾಡಿಸುತ್ತಾರೆ. ಮೈ ಎಷ್ಟು ಬಾಗುತ್ತದೋ ಅಷ್ಟು ಗಾಯ ಕಡಿಮೆ. ಅಭ್ಯಾಸದ ಕಣದಲ್ಲಿ ಮತ್ತೆ ಮತ್ತೆ ಬೀಳಿಸಿ, ಗದ್ದವನ್ನು ಎದೆಗೆ ಒತ್ತಿಕೊಂಡು ಹೆಗಲಿನ ಮೇಲೆ ಉರುಳಿ ಏಳುವುದನ್ನು ಕಲಿಸುತ್ತಾರೆ. ಉರುಳಿದಾಗ ಪೆಟ್ಟು ಒಂದೇ ಜಾಗಕ್ಕೆ ಬೀಳದೆ ಬೆನ್ನಿನ ಅಗಲಕ್ಕೂ ಹಂಚಿಹೋಗುತ್ತದೆ. ನಿಲ್ಲುವ ಸಮಯವೂ ಹೆಚ್ಚುತ್ತದೆ. ಮೆತ್ತನೆಯ ಮಣ್ಣು ಮಾಡುವ ಕೆಲಸವನ್ನು ಇಲ್ಲಿ ಮೈಯೇ ಮಾಡುತ್ತದೆ.

ಈಗ ನಿಮ್ಮ ಶಾಲೆಯ ಮೈದಾನಕ್ಕೆ ಬನ್ನಿ

ನಮ್ಮಲ್ಲಿ ಯಾರಾದರೂ ಬಿದ್ದರೆ ಏನಾಗುತ್ತದೆ? ಎಲ್ಲರೂ ಓಡಿ ಬರುತ್ತಾರೆ. ಒಬ್ಬರು ಎತ್ತಿ ಕೂರಿಸುತ್ತಾರೆ, ಒಬ್ಬರು ಕೆನ್ನೆ ತಟ್ಟುತ್ತಾರೆ, ಒಬ್ಬರು ಬಾಯಿಗೆ ನೀರು ಹಾಕುತ್ತಾರೆ. ಮೂಗಿಗೆ ಈರುಳ್ಳಿ ಹಿಡಿಯುವವರೂ ಇದ್ದಾರೆ! ಇವರಾರೂ ಕೆಟ್ಟವರಲ್ಲ. ಪಾಪ, ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ತಿಳಿವಳಿಕೆ ಇಲ್ಲದ ಪ್ರೀತಿ ಅಪಾಯ ತರಬಹುದು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು.

ಕಬಡ್ಡಿ ಆಡುವಾಗ, ಮರದಿಂದ, ಮೆಟ್ಟಿಲಿನಿಂದ ಅಥವಾ ಸೈಕಲ್ಲಿನಿಂದ ಯಾರಾದರೂ ತಲೆ ಕೆಳಗಾಗಿ ಬಿದ್ದರೆ ಇವು ನೆನಪಿರಲಿ:

• ಎತ್ತಬೇಡಿ, ಕೂರಿಸಬೇಡಿ, ಅಲುಗಿಸಬೇಡಿ. 'ಹಾಗೇ ಮಲಗಿರು, ತಲೆ ಆಡಿಸಬೇಡ' ಎಂದು ಧೈರ್ಯ ಹೇಳಿ.
• ಒಬ್ಬರು ಅವನ ಬಳಿ ಇರಿ. ಇನ್ನೊಬ್ಬರು ಕೂಡಲೇ ಶಿಕ್ಷಕರನ್ನು ಕರೆತನ್ನಿ.
• 108ಕ್ಕೆ ಫೋನ್ ಮಾಡಿಸಿ. ಕರ್ನಾಟಕದಲ್ಲಿ 2008ರಿಂದ ಈ ಆಂಬ್ಯುಲೆನ್ಸ್ ಸೇವೆ ಇದೆ. 112ಕ್ಕೂ ಕರೆ ಮಾಡಬಹುದು. ಊರಿನ ಹೆಸರು, ಶಾಲೆ ಇರುವ ಜಾಗದ ಗುರುತು ಸ್ಪಷ್ಟವಾಗಿ ಹೇಳಿ.
• ಗುಂಪು ಸೇರಬೇಡಿ. ಗಾಳಿ ಬರಲಿ, ದಾರಿ ಬಿಡಿ.
• ಬಾಯಿಗೆ ನೀರು, ಕಾಫಿ, ಏನನ್ನೂ ಹಾಕಬೇಡಿ.
• ಉಸಿರಾಡುತ್ತಿದ್ದಾನೆಯೇ ಎಂದು ಎದೆಯ ಏರಿಳಿತ ನೋಡುತ್ತಿರಿ. ಉಸಿರು ನಿಂತರೆ ಜೋರಾಗಿ ಕೂಗಿ ಹೇಳಿ. ತಿಳಿದ ದೊಡ್ಡವರು ಸಿ.ಪಿ.ಆರ್. ಪ್ರಾರಂಭಿಸಲಿ.
• ತಲೆಗೆ ಪೆಟ್ಟು ಬಿದ್ದವನು ಎದ್ದು 'ಏನೂ ಆಗಿಲ್ಲ' ಎಂದರೂ ಅಂದು ಆಟಕ್ಕೆ ಸೇರಿಸಬೇಡಿ. ಮನೆಯವರಿಗೆ ತಿಳಿಸಿ. ವಾಂತಿ, ನಿದ್ದೆಗಣ್ಣು, ತಲೆನೋವು ಹೆಚ್ಚಾದರೆ ವೈದ್ಯರ ಬಳಿ ಹೋಗಲೇಬೇಕು.

ಇನ್ನೊಂದು ಮಾತು. ಸುಮೋ ಮಲ್ಲರನ್ನು ನೋಡಿ ಗೆಳೆಯರನ್ನು ಎತ್ತಿ ಎಸೆಯಲು ಹೋಗಬೇಡಿ! ಅವರು ವರ್ಷಗಟ್ಟಲೆ ಬೀಳುವುದನ್ನು ಕಲಿತವರು. ಅಂಥವರಿಗೇ ಪೆಟ್ಟಾಗುತ್ತದೆ.

ಹಿಬಿಕಿರ್ಯು ಬಿದ್ದ ಕಣದ ಸುತ್ತ ಬಹಳ ಜನರಿದ್ದರು. ನಿಮ್ಮ ಮೈದಾನದಲ್ಲೂ ಬಹಳ ಜನ ಇರುತ್ತಾರೆ. ಅವರಲ್ಲಿ ಏನು ಮಾಡಬೇಕೆಂದು ತಿಳಿದವರು ಒಬ್ಬರಾದರೂ ಇರಬೇಕು. ಈ ಪುಟ ಓದಿದ ಮೇಲೆ ಆ ಒಬ್ಬರು ನೀವೇ ಆಗಬಹುದು.

ಯೋಚಿಸಿ ಉತ್ತರಿಸಿ

1. ಮೆತ್ತನೆಯ ಮಣ್ಣಿನ ಮೇಲೆ ಬಿದ್ದರೆ ಪೆಟ್ಟು ಕಡಿಮೆ ಏಕೆ?
2. ಕತ್ತಿಗೆ ಪೆಟ್ಟಾದರೆ ಉಸಿರಾಟಕ್ಕೆ ತೊಂದರೆಯಾಗುವುದು ಏಕೆ?
3. 40 ಕಿಲೋಗ್ರಾಂ ತೂಕದ ಹುಡುಗಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡಿದರೆ ಅವಳ ಸಂವೇಗ ಎಷ್ಟು?
4. ನಿಮ್ಮ ಶಾಲೆಗೆ ಅತಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲಿದೆ? ಎಷ್ಟು ದೂರ? ಶಾಲೆಯ ಪ್ರಥಮ ಚಿಕಿತ್ಸಾ ಪೆಟ್ಟಿಗೆಯಲ್ಲಿ ಏನೇನಿದೆ? ಕೇಳಿ ತಿಳಿದು, ಪಟ್ಟಿ ಮಾಡಿ ತರಗತಿಯ ಗೋಡೆಗೆ ಅಂಟಿಸಿ.